ಗಂಟಿಲ್ಲದ ದಾರ

ನಾನು ಮೊದಲು ಕೆಲಸಕ್ಕೆ ಸೇರಿದ ಊರು ಸುರಪುರದಿಂದ ಕೆಂಭಾವಿಗೆ ಹೋಗುವ ದಾರಿಯ ಮೇಲಿತ್ತು. ಕಾಲುವೆಗೆ ನೀರು ಬಿಟ್ಟು ಎರಡು ವರ್ಷವಾಗಿತ್ತು. ಜೋಳ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಭತ್ತ ನಿಂತಿತ್ತು, ಭತ್ತದ ಹಿಂದೆಯೇ ಸೊಳ್ಳೆ ಮತ್ತು ತಂಪು ಬಂದಿದ್ದವು. ಒಂದೇ ಕೌದಿಯಲ್ಲಿ ಚಳಿಗಾಲ ಕಳೆಯುತ್ತಿದ್ದ ಮನೆಗಳು ಈಗ ಎರಡು ಬೇಕು ಎನ್ನತೊಡಗಿದ್ದವು.

ಆಗ ನನಗೆ ಇಪ್ಪತ್ತಾರು ವರ್ಷ. ಊರಿನ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ, ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಯಾದಗಿರಿಯ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಅಲ್ಲಿ ಹೊಲಿಗೆ ಕಲಿಸುವವರು ನಾವು ಹೊಲಿದ ಗೆರೆಯ ಮೇಲೆ ಸ್ಕೇಲು ಇಟ್ಟು ನೋಡುತ್ತಿದ್ದರು. ಗೆರೆ ತಪ್ಪಿದ್ದರೆ ಅದೇ ಸ್ಕೇಲು ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಆ ಪದ್ಧತಿ ಕೆಟ್ಟದ್ದೆಂದು ನನಗೆ ಆಗ ಅನ್ನಿಸಿರಲಿಲ್ಲ. ನನ್ನ ಶಾಲೆಯಲ್ಲೂ, ಮನೆಯಲ್ಲೂ ಅದನ್ನೇ ನಡೆಸಿದೆ.

ಕೌದಿಯ ಮಾತು ಎತ್ತಿದವಳು ಗೌಡರ ಸೊಸೆ. ಅವರ ಮನೆಯ ಒಂದು ಪಡಸಾಲೆಯಲ್ಲೇ ನಾನು ಬಾಡಿಗೆಗೆ ಇದ್ದೆ. ಕಾಲುವೆ ಕ್ಯಾಂಪಿನ ಗುಮಾಸ್ತರ ಹೆಂಡತಿ, ಶಹಾಪುರದ ಕಡೆಯವಳು, ತಾನೂ ಬರುತ್ತೇನೆಂದಳು. ನಾಲ್ಕನೆಯವಳು ಒಬ್ಬ ಮುದುಕಿ. ಕುರಿ ಸಾಕುವ ಮನೆಯವಳು, ವಿಧವೆ. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು. ಕುರಿ ಮೇಯುತ್ತಿದ್ದ ಬೀಳು ಗದ್ದೆಯಾದ ಮೇಲೆ ಮಗ ಹಿಂಡು ಹೊಡೆದುಕೊಂಡು ದೂರ ಹೋಗಿದ್ದ. ಮನೆಯಲ್ಲಿ ಅವಳು ಮತ್ತು ಮೂರು ಆಡು ಉಳಿದಿದ್ದವು. ಆ ಊರಿನ ಹೆಚ್ಚಿನ ಹೆಂಗಸರಿಗೆ ಕೌದಿ ಹೊಲಿಯಲು ಕಲಿಸಿದವಳು ಅವಳೇ. ಗೌಡರ ಸೊಸೆ ಸೂಜಿ ಹಿಡಿದದ್ದೂ ಅವಳಿಂದ.

ಮೊದಲ ಭಾನುವಾರ ನಮ್ಮ ಕಟ್ಟೆಯ ಮೇಲೆ ಕೂತು ಎಲ್ಲ ಗೊತ್ತು ಮಾಡಿದೆವು. ಆಯಿ ಪುಂಡಿ ಪಲ್ಯ ತಂದಿದ್ದಳು, ಜೋಳದ ನುಚ್ಚು ಹಾಕಿ ಮಣ್ಣಿನ ಗಡಿಗೆಯಲ್ಲಿ ಕುದಿಸಿದ್ದು. ಗುಮಾಸ್ತರ ಹೆಂಡತಿ ಬೆರಳು ನೆಕ್ಕುತ್ತ, "ಆಯಿ, ಇದರಾಗ ಏನ್ ಹಾಕ್ತಿ? ನಾ ಮಾಡಿದ್ರ ಬರೇ ಹುಳಿ ಆಗ್ತದ," ಅಂದಳು.

"ನೀ ಗಂಡನ್ನ ನೋಡಕೋತ ಮಾಡ್ತಿ. ಒಲಿ ನೋಡಕೋತ ಮಾಡು."

ಎಲ್ಲರೂ ನಕ್ಕೆವು. ಊಟದ ಮೇಲೆ ನಾನು ಶಾಲೆಯ ಹಾಳೆ ತೆಗೆದು ಪಾಳಿ ಬರೆದೆ. ನಾಲ್ಕು ಮಂದಿ, ನಾಲ್ಕು ಕೌದಿ. ಕೌದಿಯ ಒಂದೊಂದು ಬದಿಗೆ ಒಬ್ಬರು ಕೂತು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರಬೇಕು, ಗೆರೆಗಳು ಮೂಲೆಯಲ್ಲಿ ಕೂಡಬೇಕು. ಮೊದಲನೆಯದು ಗುಮಾಸ್ತರ ಹೆಂಡತಿಗೆ, ಎರಡನೆಯದು ಗೌಡರ ಸೊಸೆಗೆ, ಮೂರನೆಯದು ನನಗೆ. ಕೊನೆಯದು ತನಗಿರಲಿ ಎಂದು ಆಯಿಯೇ ಕೇಳಿದಳು. ಅವಳ ಕಿರಿ ಮಗಳನ್ನು ಕಕ್ಕೇರಾಕ್ಕೆ ಕೊಟ್ಟಿತ್ತು. ಅವಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು.

"ಮದಿವ್ಯಾಗ ಹಾಸಿಗಿ ಸೈತ ತಂದಿಲ್ಲಂತ ಅಕಿ ಅತ್ತಿ ಇನ್ನೂ ಆಡಕೋತಾಳ," ಅಂದಳು ಆಯಿ. "ಕೂಸಿನ ಜೋಡಿ ಕಳಸೂ ಮುಂದ ಒಂದು ಛಲೋ ಕೌದಿ ಮಡಚಿ ಕೊಟ್ಟು ಕಳಸಬೇಕು. ಅಷ್ಟಾದ್ರ ಅಕಿ ಬಾಯಿ ಮುಚ್ಚತದ."

ಹಾಳೆಯ ಕೆಳಗೆ ನಾನು ಒಂದು ನಿಯಮ ಬರೆದು ಓದಿ ಹೇಳಿದೆ. ಯಾರ ಕೈಯ ಹೊಲಿಗೆ ಉಳಿದವರ ಕೌದಿಯಲ್ಲಿ ಇಲ್ಲವೋ ಅವರ ಕೌದಿಗೆ ಉಳಿದವರು ಕೈ ಹಾಕಬೇಕಾಗಿಲ್ಲ. ನಡುವೆ ಯಾರೂ ತಪ್ಪಿಸಿಕೊಳ್ಳಬಾರದೆಂದು ಬರೆದದ್ದು. ಎಲ್ಲರೂ ಒಪ್ಪಿದರು.

ಮೊದಲ ಕೌದಿಯ ಎರಡನೇ ವಾರದಲ್ಲೇ ಸಂಗತಿ ಗೊತ್ತಾಯಿತು. ಬಟ್ಟೆ ಹಾಸುವುದರಲ್ಲಿ ಆಯಿಗೆ ಸಾಟಿಯಿರಲಿಲ್ಲ. ಯಾವ ಸೀರೆ ಕೆಳಗೆ, ಯಾವ ಧೋತರ ನಡುವೆ ಎಂದು ಅಂಗೈ ಸವರಿಯೇ ಹೇಳುತ್ತಿದ್ದಳು. ಒಂದು ಸುಕ್ಕು ಇರುತ್ತಿರಲಿಲ್ಲ. ಆದರೆ ಹೊಲಿಗೆಗೆ ಕೂತರೆ ಗೆರೆ ಎರಡು ಬೆರಳು ಮೇಲೆ ಹೋಗಿ, ಮೂರು ಬೆರಳು ಕೆಳಗೆ ಇಳಿಯುತ್ತಿತ್ತು. ಸೂಜಿಯ ಕಣ್ಣು ಅವಳಿಗೆ ಕಾಣುತ್ತಿರಲಿಲ್ಲ. ಪಕ್ಕದವರು ಪೋಣಿಸಿ ಕೊಡುತ್ತಿದ್ದೆವು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವಳು ಮನೆಗೆ ಹೋದ ಮೇಲೆ ಗುಮಾಸ್ತರ ಹೆಂಡತಿ ಅಳುವ ದನಿಯಲ್ಲಿ, "ಅಕ್ಕೋರ, ನೋಡ್ರಿ ಇಲ್ಲಿ. ನನ್ನ ಕೌದಿ ಮ್ಯಾಲ ಹಾವು ಹರದಂಗ ಆಗ್ಯಾದ. ಆಯಿಗಿ ಬ್ಯಾಡ ಅಂತ ಹೇಳ್ರಿ," ಅಂದಳು.

"ಬ್ಯಾಡಂದ್ರ ಪುಂಡಿ ಪಲ್ಯ ಯಾರು ತರ್ತಾರ, ನಿಮ್ಮಪ್ಪ?" ಅಂದಳು ಗೌಡರ ಸೊಸೆ. "ಬಟ್ಟಿ ಯಾರು ಹಾಸ್ತಾರ?"

ಅದು ನಿಜವಿತ್ತು. ನಾನು ಸ್ವಲ್ಪ ಯೋಚಿಸಿ ಒಂದು ದಾರಿ ಹೇಳಿದೆ. ಆಯಿಗೆ ದಾರ ಪೋಣಿಸಿ ಕೊಡುವಾಗ ತುದಿಗೆ ಗಂಟು ಹಾಕಬಾರದು. ದಾರ ಮುಗಿದಾಗ ಪಕ್ಕದವರೇ ಸೂಜಿ ತೆಗೆದುಕೊಂಡು, "ಕೊನಿ ಗಂಟು ನಾ ಹಾಕ್ತೀನಿ" ಅನ್ನಬೇಕು. ಅವಳು ಎದ್ದು ಹೋದ ಮೇಲೆ ಎಳೆದರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಆ ಬದಿಯನ್ನು ನಾವು ಮೂವರು ನೇರವಾಗಿ ಹೊಲಿಯಬೇಕು. ಅವಳ ಮನಸ್ಸು ನೋಯುವುದಿಲ್ಲ, ಕೌದಿಯೂ ಕೆಡುವುದಿಲ್ಲ. ಇಬ್ಬರೂ ನನ್ನ ಬುದ್ಧಿಯನ್ನು ಹೊಗಳಿದರು.

ಹಾಗೇ ನಡೆಯಿತು. ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ ಹೊಲಿಯುತ್ತಿದ್ದೆವು. ಆಯಿ ಹೋದದ್ದೇ ತಡ ಗೌಡರ ಸೊಸೆ ದಾರದ ತುದಿ ಹಿಡಿದು ಎಳೆಯುವಳು. ಸರ್ರೆಂದು ಮಾರುದ್ದದ ಸಾಲು ಬಂದುಬಿಡುವುದು. ಒಂದೇ ಎಳೆತಕ್ಕೆ ಯಾರು ಹೆಚ್ಚು ಸಾಲು ಬಿಚ್ಚುತ್ತಾರೆ ಎಂಬ ಪಂದ್ಯ ಶುರುವಾಯಿತು. ಗುಮಾಸ್ತರ ಹೆಂಡತಿ ಗೆದ್ದ ದಿನ ನಕ್ಕು ನಕ್ಕು ಕಟ್ಟೆಯ ಮೇಲೆ ಮಲಗಿಬಿಟ್ಟಿದ್ದಳು. ಮೊದಮೊದಲು ಆಯಿಯ ಬೆನ್ನ ಹಿಂದೆ ನಗುತ್ತಿದ್ದವರು ಆಮೇಲೆ ಎದುರಿಗೇ ಶುರು ಮಾಡಿದರು.

"ಆಯಿ, ನಿನ್ನ ಗೆರಿ ನೋಡಿದ್ರ ಕಾಲುವಿ ಇಂಜಿನಿಯರ್ ಸೈತ ನಾಚಬೇಕು."

"ಆಯಿ, ನಿನ್ನ ಕೈಗೆ ದೃಷ್ಟಿ ತಗಲೀತು, ಮನಿಗಿ ಹೋಗಿ ಉಪ್ಪು ಇಳಸ್ಕೊ."

ಆಯಿ ತಲೆ ಎತ್ತದೆ ಹೊಲಿಯುತ್ತ, "ಕೈಗಿ ಕಣ್ಣು ಇರ್ತಾವವ್ವ," ಎನ್ನುವಳು. ಗೌಡರ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವಳು. ನಾನು ನಗುತ್ತಿರಲಿಲ್ಲ. ಆದರೆ ನನ್ನ ಪಾಳಿ ಬಂದಾಗ ಸೂಜಿ ಪೋಣಿಸಿ, ಗಂಟು ಹಾಕದೆ, ಅವಳ ಬೆರಳ ನಡುವೆ ಇಡುತ್ತಿದ್ದೆ. "ಹಾಕೀನಿ ಆಯಿ, ಹೊಲಿ," ಎನ್ನುತ್ತಿದ್ದೆ.

ಅವಳು ಒಂದು ವಾರವೂ ತಪ್ಪಿಸಲಿಲ್ಲ. ಬರುವಾಗ ಬುಟ್ಟಿಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಸಜ್ಜೆ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಆಡು ಈದಾಗ ಗಿಣ್ಣ. ನಾವು ನಮ್ಮ ಡಬ್ಬಿ ಮುಚ್ಚಿಟ್ಟು ಅವಳದನ್ನೇ ಮೊದಲು ಖಾಲಿ ಮಾಡುತ್ತಿದ್ದೆವು. ಮೂರು ಕೌದಿ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಮೂರೂ ಗೆರೆ ಹೊಡೆದಂತೆ ನೇರವಾಗಿದ್ದವು.

ನಾಲ್ಕನೆಯದರ ಭಾನುವಾರ ಆಯಿ ತಲೆಯ ಮೇಲೆ ಗಂಟುಮೂಟೆ ಹೊತ್ತು ಬಂದಳು. ಒಗೆದು, ಒಣಗಿಸಿ, ಅಂಚು ಕೂಡಿಸಿ ಮಡಚಿದ ಸೀರೆಗಳು. ಅವಳ ಗಂಡನ ಒಂದು ಧೋತರವೂ ಇತ್ತು. ಮಗಳು ತವರಿಗೆ ಬಂದು ವಾರವಾಗಿತ್ತು, ಎಂಟನೇ ತಿಂಗಳು. ಅಂದು ಬುಟ್ಟಿಯಲ್ಲಿ ಹೋಳಿಗೆ ಇತ್ತು.

ಹೋಳಿಗೆ ತಿಂದಾದ ಮೇಲೆ ಗುಮಾಸ್ತರ ಹೆಂಡತಿ, ಗಂಡನಿಗೆ ವರ್ಗವಾಗುವ ಹಾಗಿದೆ, ಸಾಮಾನು ಕಟ್ಟಬೇಕು ಎಂದಳು. ಗೌಡರ ಸೊಸೆ, ನಾಟಿಯ ಆಳುಗಳಿಗೆ ಅಡುಗೆ ಮಾಡುವುದರಲ್ಲೇ ತನ್ನ ಸೊಂಟ ಬಿದ್ದುಹೋಗಿದೆ ಎಂದಳು.

"ಒಂದು ಭಾನುವಾರ ಬಿಡ್ರಿ, ಮುಂದಿನದಕ್ಕ ಕೂಡೋಣು," ಅಂದಳು ಆಯಿ.

"ಮುಂದಿನದೂ ಆಗಂಗಿಲ್ಲ," ಅಂದಳು ಗೌಡರ ಸೊಸೆ.

"ಹಂಗಾರ ದಿನಾ ಒಂದ್ ತಾಸು. ಹುಡುಗಿ ದಿನಾ ತುಂಬಾಕ ಬಂದಾವ ಯವ್ವಾ. ನಾ ಒಬ್ಬಾಕೀನ ಎಷ್ಟಂತ ಹೊಲೀಲಿ? ನಿಮ್ಮ ಮೂರೂ ಕೌದಿಗಿ ಕೂತೀನಿಲ್ಲ ನಾ?"

ಗೌಡರ ಸೊಸೆಗೆ ಸಿಟ್ಟು ಬಂತು. "ಕೂತಿ, ಖರೆ. ಹೊಲದಿ ಎಲ್ಲಿ? ನಿನ್ನ ಒಂದು ಹೊಲಿಗಿ ನನ್ನ ಕೌದ್ಯಾಗ ತೋರ್ಸು. ನಿಂಗ ಕಣ್ಣೇ ಇಲ್ಲ. ನೀ ಹಾಕಿದ್ದೆಲ್ಲ ನಾವು ಸಂಜಿಮುಂದ ಕಿತ್ತು ಒಗದೀವಿ."

ಗುಮಾಸ್ತರ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಯಿ ನಾನು ಕೂತ ಕಡೆಗೆ ಮುಖ ತಿರುಗಿಸಿದಳು.

"ಅಕ್ಕೋರ, ನೀವು ಹೇಳ್ರಿ. ನೀವು ಬರದೀರಿ. ನಾ ಹೊಲದೀನೋ ಇಲ್ಲೋ?"

ಹೊಲಿದಿದ್ದೀ ಎನ್ನಬಹುದಿತ್ತು. ಬಿಚ್ಚಿದವರು ನಾವು ಎನ್ನಬಹುದಿತ್ತು. ನಾನು ಆ ಹಾಳೆಯನ್ನು ತೆಗೆದು, ಕೆಳಗಿನ ಸಾಲನ್ನು ತರಗತಿಯಲ್ಲಿ ಓದುವಂತೆ ಓದಿದೆ. "ನಿನ್ನ ದಾರಕ್ಕ ನಾವು ಗಂಟು ಹಾಕಿರಲಿಲ್ಲ, ಆಯಿ. ನಿನ್ನ ಹೊಲಿಗಿ ಒಂದೂ ಉಳಿದಿಲ್ಲ. ನಿಯಮ ಎಲ್ಲರಿಗೂ ಒಂದೇ," ಎಂದೆ.

ಆಯಿ ಮೂಟೆಯನ್ನು ಹತ್ತಿರ ಎಳೆದುಕೊಂಡಳು.

"ಗಂಟು ಇಲ್ಲಂತ ಗೊತ್ತಿತ್ತು ನಂಗ," ಅಂದಳು. "ಮೊದಲನೇ ಕೌದ್ಯಾಗೇ ಗೊತ್ತಾತು. ನಲವತ್ತು ವರ್ಷ ಹೊಲದ ಬೆರಳಿಗಿ ಗಂಟು ಗೊತ್ತಾಗಂಗಿಲ್ಲೇನು? ಮರುದಿನ ಬಂದು ಕೈಯಾಡಸಿದ್ರ ನನ್ನ ಗೆರಿ ಇರ್ತಿರಲಿಲ್ಲ, ನಿಮ್ಮ ಗೆರಿ ಇರ್ತಿತ್ತು."

"ಮತ್ತ ಯಾಕ ಸುಮ್ನ ಕೂತಿ?" ಗೌಡರ ಸೊಸೆ ಕೇಳಿದಳು.

"ಮಗಳಿಗಿ ಕೌದಿ ಬೇಕಿತ್ತು. ನೀವು ನಗೋದು ಮುಗಿದ ಮ್ಯಾಲರ ಹೊಲದು ಕೊಡ್ತೀರಿ ಅಂದಕೊಂಡೆ."

ಮೂಟೆ ಎತ್ತಿ ತಲೆಯ ಮೇಲಿಡಲು ಅವಳಿಗೆ ಒಂದು ಕೈ ಆಸರೆ ಬೇಕಿತ್ತು. ನಾವು ಯಾರೂ ಏಳಲಿಲ್ಲ. ಅವಳು ಅದನ್ನು ಎದೆಗೆ ಅವಚಿಕೊಂಡು ಕಟ್ಟೆ ಇಳಿದಳು. ಖಾಲಿ ಬುಟ್ಟಿ ಅಲ್ಲೇ ಉಳಿಯಿತು.

ನಾಲ್ಕು ದಿನದ ಮೇಲೆ ನಾನು ಬುಟ್ಟಿ ಹಿಡಿದು ಅವಳ ಮನೆಗೆ ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಪಾಳಿಯ ಹಾಳೆಯಲ್ಲಿ ನಾಲ್ಕನೇ ಸಾಲು ಹಾಗೇ ಬಿದ್ದಿತ್ತು. ಅರ್ಧಕ್ಕೆ ನಿಂತ ಕೆಲಸ ನೋಡಿಕೊಂಡು ಕೂಡ್ರುವುದು ನನ್ನಿಂದ ಆಗುವುದಿಲ್ಲ.

ಅಂಗಳದಲ್ಲಿ ಕೌದಿ ಹಾಸಿತ್ತು. ಮಗಳು ತುಂಬಿದ ಹೊಟ್ಟೆ ಹೊತ್ತು ಒಂದು ಬದಿಗೆ, ಆಯಿ ಇನ್ನೊಂದು ಬದಿಗೆ ಕೂತು ಹೊಲಿಯುತ್ತಿದ್ದರು. ನಾನೂ ಒಂದು ಬದಿ ಹೊಲಿಯುತ್ತೇನೆ ಎಂದೆ.

"ಬ್ಯಾಡ್ರಿ," ಅಂದಳು ಆಯಿ. "ನಿಮ್ಮ ಗೆರಿ ನೆಟ್ಟಗ ಇರ್ತಾವು. ನಮ್ಮ ಗೆರಿಗಿ ಕೂಡಂಗಿಲ್ಲ."

ಮಗಳು ದಾರ ಕಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾಕು ತಿಂಗಳ ನಮ್ಮವ್ವ ನಿಮಗ ಉಣ್ಣಾಕ ಹಾಕ್ಯಾಳಂತ. ಕೆಲಸ ಮಾಡಬೇಕಂದ್ರ ಒಲಿ ಮುಂದ ಕೂಡ್ರಿ. ನಾವು ಹೊಲಿತೀವಿ. ಹಿಟ್ಟು ಮಾತ್ರ ನಿಮ್ಮ ಮನಿದು ತರ್ರಿ."

ಮರುದಿನ ಶಾಲೆ ಬಿಟ್ಟ ಮೇಲೆ ಹಿಟ್ಟು ತೆಗೆದುಕೊಂಡು ಹೋದೆ. ನನಗೆ ಅನ್ನ ಸಾರು ಬರುತ್ತಿತ್ತು, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕುವ ಮೊದಲು ಆಯಿ, "ತಡೀರಿ," ಎಂದು ಬಂದು, ಬೆರಳಿನಿಂದ ಅದರ ಅಂಚನ್ನು ಸುತ್ತಲೂ ಸವರಿದಳು.

"ಇಲ್ಲಿ ದಪ್ಪ ಅದ, ಇಲ್ಲಿ ಹರದದ. ಮುದ್ದಿ ಮಾಡಿ ಮತ್ತ ಬಡೀರಿ."

ಮತ್ತೆ ಬಡಿದೆ. ಮತ್ತೆ ಸವರಿ, "ಮುದ್ದಿ ಮಾಡ್ರಿ," ಎಂದಳು. ಆರನೇ ಸಲ ಹಿಟ್ಟಿನ ಜಿಗುಟು ಹೋಗಿ ರೊಟ್ಟಿ ಕೈಯಲ್ಲೇ ಚೂರಾಯಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯವ್ವಾ, ಸಾಲಿ ಹುಡುಗ್ರಿಗಿ ಹಿಂಗೇ ಕಲಸ್ತಾರೇನು ಇವರು?" ಆಯಿ ನಗಲಿಲ್ಲ. ಚೂರುಗಳನ್ನು ಒಟ್ಟು ಮಾಡಿ ಆಡಿನ ಮುಂದೆ ಹಾಕಿ, ಹೋಗಿ ಹೊಲಿಗೆಗೆ ಕೂತಳು.

ಒಂಬತ್ತು ದಿನ ಹೋದೆ. ಐದನೇ ದಿನದಿಂದ ಅವರು ನನ್ನ ರೊಟ್ಟಿ ಉಂಡರು, ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ. ನನಗೂ ಉಣ್ಣು ಎನ್ನಲಿಲ್ಲ. ನಾನು ಬಂದ ಕೂಡಲೇ ಮಗಳು ಹೊಲಿದ ಭಾಗವನ್ನು ಒಳಮಗ್ಗುಲಿಗೆ ಸುತ್ತಿ, ಹೊಲಿಯಬೇಕಾದಷ್ಟನ್ನೇ ಹೊರಗೆ ಬಿಡುತ್ತಿದ್ದಳು. ಕೌದಿ ಮುಗಿದ ದಿನ ಒಮ್ಮೆ ಬಿಡಿಸಿ ತೋರಿಸಿರೆಂದು ಕೇಳಿದೆ. ಆಯಿ ಅದನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂತಳು.

"ನೋಡೂದೇನದ ಅದರಾಗ. ನಿಮಗ ಬ್ಯಾರೆ ಕೆಲಸ ಇಲ್ಲೇನು?"

ಮಗಳಿಗೆ ಗಂಡು ಕೂಸು ಆಯಿತು. ಮೂರು ತಿಂಗಳಾದ ಮೇಲೆ ಅವಳ ಗಂಡ ಕರೆಯಲು ಬಂದ. ಅಂದು ಬೆಳಿಗ್ಗೆ ಶಾಲೆಗೆ ಹೋಗುತ್ತ ಬಸ್ಸು ನಿಲ್ಲುವಲ್ಲಿ ಅವರನ್ನು ಕಂಡೆ. ಕೌದಿಯನ್ನು ಒಂದು ಹಳೆಯ ಸೀರೆಯಲ್ಲಿ ಸುತ್ತಿ, ಹಗ್ಗ ಬಿಗಿದು ಕಟ್ಟಿದ್ದರು. ಅಂಚು ಕೂಡ ಕಾಣುತ್ತಿರಲಿಲ್ಲ. ಕೂಸನ್ನು ನೋಡುವ ನೆವದಲ್ಲಿ ಹತ್ತಿರ ಹೋಗಿ, ಕೈ ಚಾಚಿ ಆ ಕಟ್ಟನ್ನು ಮುಟ್ಟಿದೆ. ಅದು ಹೇಗೆ ಗೊತ್ತಾಯಿತೋ, ಆಯಿ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅಕ್ಕೋರ," ಅಂದಳು, "ಸಾಲಿ ಗಂಟಿ ಹೊಡದಾರ. ನಡೀರಿ."

ಗಂಟೆ ಹೊಡೆದದ್ದು ನನಗೆ ಕೇಳಿಸಿರಲಿಲ್ಲ. ಸೆರಗು ಸರಿಮಾಡಿಕೊಂಡು ಶಾಲೆಗೆ ನಡೆದೆ.