ಮೂವತ್ತು ಪುಟದ ಅಳು

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ತಿಂಗಳ ಕೊನೆಯ ಭಾನುವಾರ ಓದುಗರ ಕೂಟ ಸೇರುತ್ತದೆ. ಇತ್ತೀಚೆಗೆ ಓದಿದ ಕಾದಂಬರಿಗಳ ಬಗ್ಗೆ ಯಾರು ಬೇಕಾದರೂ ಐದು ನಿಮಿಷ ಮಾತಾಡಬಹುದು. ಹಲವು ವರ್ಷ ನಾನು ಅಲ್ಲಿ ತಪ್ಪದೆ ಮಾತಾಡಿದವಳು. ಠಾಣೆಯ ನೌಪಾಡಾದ ಆಫೀಸಿಗೆ ರೈಲಿನಲ್ಲಿ ಹೋಗಿಬರುವಾಗ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೂ ಸಿಗದಿದ್ದರೂ ಪುಸ್ತಕ ಬಿಡಿಸುತ್ತಿದ್ದೆ. ಪತ್ತೇದಾರಿ, ಐತಿಹಾಸಿಕ, ಪ್ರೇಮಕಥೆ ಎಂಬ ಭೇದವಿರಲಿಲ್ಲ. ನನ್ನ ಅಭಿಪ್ರಾಯ ಖಡಕ್ ಎಂದು ಹೆಸರಾಗಿತ್ತು. ಜನ ನಗುತ್ತಿದ್ದರು. ಆ ನಗು ನನಗೆ ಬಹಳ ಇಷ್ಟವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೂರು ವರ್ಷದ ಹಿಂದಿನ ಒಂದು ಕೂಟದಲ್ಲಿ ಮೂರು ಕಾದಂಬರಿಗಳ ಬಗ್ಗೆ ಮಾತಾಡಿದೆ. ಮೊದಲನೆಯದು ಪತ್ತೇದಾರಿ, ಅದನ್ನು ಹೊಗಳಿದೆ. ಎರಡನೆಯದು ಯುದ್ಧ, ಕೋಟೆಗಳ ಕಥೆ, ಪರವಾಗಿಲ್ಲ ಎಂದೆ. ಮೂರನೆಯದರಲ್ಲಿ ಒಬ್ಬ ತಾಯಿ ಮಗನನ್ನು ಕಳೆದುಕೊಳ್ಳುತ್ತಾಳೆ. ನಡುವಿನ ಮೂವತ್ತು ಪುಟ ಅವಳ ದುಃಖಕ್ಕೇ ಮೀಸಲು. "ಮೂವತ್ತು ಪುಟ ಅಳುತ್ತಾಳೆ. ಈ ಹೆಂಗಸಿಗೆ ಮನೆಯಲ್ಲಿ ಬೇರೆ ಕೆಲಸವೇ ಇಲ್ಲವಾ ಅಂತ ನನಗೆ ಅನ್ನಿಸಿತು. ಸಂಪಾದಕರ ಕೈಗೆ ಒಂದು ಕತ್ತರಿ ಕೊಡಬೇಕಿತ್ತು" ಎಂದೆ. ಎಲ್ಲರೂ ನಕ್ಕರು. ನಾನು ಖುಷಿಯಿಂದ ಬಂದು ಕೂತೆ.

ಕೂಟ ಮುಗಿದು ಚಹಾ ಕುಡಿಯುತ್ತಿರುವಾಗ, ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಹತ್ತಿರ ಬಂದರು. ನಲವತ್ತೈದರ ಆಸುಪಾಸು. ಸೆರಗು ಹೊದ್ದುಕೊಂಡಿದ್ದರು.

"ಆ ಕಡೀಕಿನ ಪುಸ್ತಕ ನನಗ ಬೇಕಾಗಿತ್ರಿ" ಎಂದರು.

"ಯಾವುದು, ಆ ಅಳುವ ತಾಯಿಯದ್ದಾ? ಅದು ಬೇಡ ಮಾರಾಯ್ರೆ, ಮುಗಿಯುವುದೇ ಇಲ್ಲ. ಪತ್ತೇದಾರಿ ತಗೊಂಡು ಹೋಗಿ, ಲಾಯ್ಕ ಉಂಟು."

"ಇರಲಿ ಬಿಡ್ರಿ. ಅದನ್ನ ಕೊಡ್ರಿ."

ನನ್ನ ಚೀಲದಿಂದಲೇ ತೆಗೆದುಕೊಟ್ಟೆ. ಅವರು ಹೋದ ಮೇಲೆ ಸಂಘದ ಕಾರ್ಯದರ್ಶಿ ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಹೇಳಿದರು. ಆಕೆ ವಿಜಯಪುರದ ಕಡೆಯವರು, ಕಲ್ಯಾಣದಲ್ಲಿ ಮನೆ. ಗಂಡ ಕಟ್ಟಡದ ಕೆಲಸಗಾರರ ಮುಕಾದಮ, ಅಂದರೆ ಮೇಸ್ತ್ರಿ. ಇಪ್ಪತ್ತಮೂರು ವರ್ಷದ ಒಬ್ಬನೇ ಮಗ ನಾಲ್ಕು ದಿನದ ಜ್ವರದಲ್ಲಿ ಹೋಗಿ ಎಂಟು ತಿಂಗಳಾಗಿತ್ತು. ಆಕೆ ಮನೆಯಿಂದ ಹೊರಗೇ ಬರುವುದಿಲ್ಲವೆಂದು, ಪುಸ್ತಕವಾದರೂ ಓದಲಿ ಎಂದು ಗಂಡನೇ ಅಂದು ಕರೆತಂದು ಬಿಟ್ಟುಹೋಗಿದ್ದರು.

ಕೈಯಲ್ಲಿದ್ದ ಚಹಾ ಅಲ್ಲಿಯೇ ಬಿಟ್ಟು ಹೊರಟೆ. ಮುಂದಿನ ತಿಂಗಳು ಪೂರ್ತಿ ಲೋಕಲ್‌ನಲ್ಲಿ ಪುಸ್ತಕ ತೆರೆದರೂ ನನ್ನದೇ ಮಾತು ಕೇಳಿಸುತ್ತಿತ್ತು, ಆಮೇಲೆ ಆ ನಗು.

ಮುಂದಿನ ಕೂಟಕ್ಕೆ ಆಕೆ ಬಂದರು. ಪುಸ್ತಕಕ್ಕೆ ಹಳೆಯ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿದ್ದರು. ನಾನು ಅವರನ್ನು ವರಾಂಡಕ್ಕೆ ಕರೆದುಕೊಂಡು ಹೋದೆ.

"ನನಗೆ ಗೊತ್ತಿರಲಿಲ್ಲ. ಅವತ್ತು ನಾನು ಹಾಗೆ ಮಾತಾಡಬಾರದಿತ್ತು."

ಅವರು ಪುಸ್ತಕ ನನ್ನ ಕೈಗಿಟ್ಟರು. "ನೀವು ಸುಳ್ಳೇನು ಹೇಳಿಲ್ರಿ ಅಕ್ಕಾರ. ಆಕಿ ಭಾಳ ಅಳತಾಳ. ಆದ್ರ ನನಗ ಒಂದ ತಿಳೀಲಿಲ್ಲ. ಅಷ್ಟು ಪುಟ ಅಳೂತನಕ ಆಕೀನ ಯಾರೂ ಎಬ್ಬಸಂಗಿಲ್ಲ. ಹಾಲಿನಾಂವ ಬಾಗಲಾ ಬಡಿಯಂಗಿಲ್ಲ. ನೀರು ನಿಲ್ಲತಾವ, ಡ್ರಮ್ ತುಂಬ್ಕೊ ಅಂತ ಬಾಜೂ ಮನಿಯಾಕಿ ಕೂಗಂಗಿಲ್ಲ. ನನಗ ಯಾರ ಕೊಟ್ರು ಮೂವತ್ತು ಪುಟ?"

ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಕಾದಂಬರಿಯ ಬಗ್ಗೆ ತನಗನ್ನಿಸಿದ್ದನ್ನು ಹೇಳುತ್ತಿದ್ದರು, ಅಷ್ಟೆ. ಇಷ್ಟು ವರ್ಷ ಆ ಕೂಟದಲ್ಲಿ ನಾನು ಹೇಳಿದ್ದರಲ್ಲಿ ಇದರ ಹತ್ತಿರ ಬರುವ ಒಂದು ಮಾತೂ ಇರಲಿಲ್ಲ.

ಅಲ್ಲಿಂದ ನಮ್ಮ ಸ್ನೇಹ ಶುರುವಾಯಿತು. ಶನಿವಾರ ನನಗೆ ಅರ್ಧ ದಿನ. ಠಾಣೆಯಿಂದ ಹತ್ತಿದವಳು ಡೊಂಬಿವಲಿಯಲ್ಲಿ ಇಳಿಯದೆ ಕಲ್ಯಾಣಕ್ಕೆ ಹೋಗಿ, ಶೇರ್ ರಿಕ್ಷಾ ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಒಂದೇ ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ. ಅವರು ಸೀರೆಗೆ ಫಾಲ್ ಹಚ್ಚುವ ಕೆಲಸ ಮಾಡುತ್ತಿದ್ದರು. ನಾನು ಎರಡು ಕಾದಂಬರಿ ಕೊಟ್ಟು ಹಳೆಯವೆರಡನ್ನು ಹಿಂದಕ್ಕೆ ಪಡೆಯುತ್ತಿದ್ದೆ. ಸೂಜಿ ಬಿಡದೆಯೇ ಅವರು ಅಭಿಪ್ರಾಯ ಹೇಳುತ್ತಿದ್ದರು.

ನಾನು ಹೊಗಳಿದ್ದ ಪತ್ತೇದಾರಿ ಅವರಿಗೆ ಹಿಡಿಸಲಿಲ್ಲ. "ಎರಡನೇ ಪುಟದಾಗ ಸತ್ತಾನ್ರಿ. ಆಮ್ಯಾಲ ಎಲ್ಲಾರೂ ಚಹಾದ ಕಪ್ಪು ಎಲ್ಲಿತ್ತು, ಚಿಲಕಾ ಯಾರು ಹಾಕಿದ್ರು ಅಂತನ ಕೇಳತಾರ. ಸತ್ತಾಂವಗ ಅವ್ವ ಇದ್ಲೋ ಇಲ್ಲೋ, ಕಡೀತನಕ ಗೊತ್ತಾಗಲಿಲ್ಲ."

ಯುದ್ಧದ ಕಾದಂಬರಿಯಲ್ಲಿ ಒಂದು ಪುಟದ ಕಿವಿ ಮಡಚಿಟ್ಟಿದ್ದರು. ಬೆರಳಿಟ್ಟು ತೋರಿಸಿದರು. "ಹತ್ತು ಸಾವಿರ ಮಂದಿ ಬಿದ್ರು ಅಂತ ಒಂದ ಸಾಲಿನ್ಯಾಗ ಬರದಾರ. ಬರದಾಂವ ಮುಂದಿನ ಸಾಲಿಗೆ ಹೆಂಗ ಹ್ವಾದ?"

ಒಮ್ಮೆ ದೆವ್ವದ ಕಾದಂಬರಿ ಕೊಟ್ಟೆ. ನಾನು ಅದನ್ನು ಲೋಕಲ್‌ನ ಗದ್ದಲದಲ್ಲಿ ಓದಿಯೂ ಬೆಚ್ಚಿದ್ದೆ. ಅವರು ಅದನ್ನು ಓದಿ ಮುಗಿಸಿ ಪಕ್ಕಕ್ಕಿಟ್ಟಿದ್ದರು. "ಹೆದರಿಕೆ ಆಯ್ತಾ?" ಎಂದೆ.

"ದೆವ್ವ ಬಂದ್ರ ಇವರ್ಯಾಕ ಓಡತಾರ್ರಿ?" ಎಂದರು. "ನಮ್ಮನಿಗೆ ಬಂದಿದ್ರ, ಉಂಡಿಯೇನೋ ಅಂತ ಕೇಳತಿದ್ದೆ."

ಅವರು ದಾರ ಕಡಿದು ಇನ್ನೊಂದು ಸೀರೆ ಎತ್ತಿಕೊಂಡರು.

ಕೂಟದಲ್ಲಿ ನಾನು ಮಾತಾಡುವುದು ಕಮ್ಮಿಯಾಯಿತು. ಮನೆಯಲ್ಲಿ ಮಗಳು, "ಮಮ್ಮಿ, ಆಜ್‌ಕಲ್ ತುಮ್ ಉಧರ್ ಬೋಲ್ತಿ ನಹೀ?" ಎಂದು, ಅಲ್ಲಿ ಮಾತಾಡುವುದು ಬಿಟ್ಟೆಯಾ ಎಂಬಂತೆ, ಕೇಳಿದಳು. ಹೇಳಲಿಕ್ಕೆ ಎಂತ ಉಂಟು, ಎಂದೆ.

ಆದರೆ ಇನ್ನೊಂದು ತಪ್ಪು ಮಾಡಿದೆ. ಆ ಮಳೆಗಾಲದಲ್ಲಿ ಒಂದು ಪ್ರೇಮ ಕಾದಂಬರಿ ಬಂದಿತ್ತು, ಸಂಘದಲ್ಲಿ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಿದ್ದರು. ಅವರಿಗೂ ಓದಬೇಕಿತ್ತು. ನಾನು ಓದಿ ನೋಡಿದೆ. ಮದುವೆಗೆ ಮುಂಚೆಯೇ ಹುಡುಗ ಜ್ವರ ಬಂದು ಸಾಯುತ್ತಾನೆ. ಓದುಗರನ್ನು ಅಳಿಸಲೆಂದೇ ಹೆಣೆದ ಅಗ್ಗದ ಕೊನೆ ಎಂದು ನನಗನ್ನಿಸಿತ್ತು. ಅವರ ಕೈಗೆ ಅದನ್ನು ಹೇಗೆ ಕೊಡಲಿ? ಬೇರೆಯವರು ಒಯ್ದಿದ್ದಾರೆ ಎಂದು ಎರಡು ಶನಿವಾರ ಸುಳ್ಳು ಹೇಳಿದೆ. ಮೂರನೆಯ ಶನಿವಾರ ಛತ್ರಿ ತೆಗೆಯುವಾಗ ಆ ಪುಸ್ತಕ ನನ್ನ ಚೀಲದಿಂದ ಅವರ ಮುಂದೆಯೇ ಜಾರಿ ಬಿತ್ತು.

ಅವರು ಎತ್ತಿಕೊಂಡರು. ಕೊನೆಯ ಪುಟಗಳನ್ನು ತಿರುವಿ, ನಿಂತಲ್ಲೇ ಓದಿದರು.

"ಇದಕ್ಕ ಮುಚ್ಚಿಟ್ರಿ?"

"ನಿಮಗೆ ಸಂಕಟ ಆಗ್ತದೆ ಅಂತ..."

"ಇಲ್ಲಿ ಎಲ್ಲಾರೂ ಹಂಗ ಮಾಡತಾರ್ರಿ. ನಾ ಹ್ವಾದ ಕೂಡ್ಲೆ ತಮ್ಮ ಮಕ್ಕಳ ಮಾತು ನಿಲ್ಲಸ್ತಾರ. ಲಗ್ನಕ್ಕ ಕರಿಯಂಗಿಲ್ಲ. ನಮ್ಮ ಯಜಮಾನರು ಅವನ ಫೋಟೋ ತಗದು ಟ್ರಂಕಿನ್ಯಾಗ ಇಟ್ಟಾರ, ನಾ ನೋಡಿದ್ರ ಅಳತೀನಿ ಅಂತ." ಅವರು ಅಲ್ಲಿಯೇ ನೆಲದ ಮೇಲೆ ಕೂತರು. "ನೀವು ಪುಸ್ತಕಾನೂ ಮುಚ್ಚಿಟ್ರ, ನಾ ಎಲ್ಲಿ ಹೋಗಲ್ರಿ ಅಕ್ಕಾರ?"

ಪುಸ್ತಕ ಅವರಲ್ಲೇ ಬಿಟ್ಟು ಬಂದೆ. ಮುಂದಿನ ಶನಿವಾರ ಹೋಗುವುದೋ ಬೇಡವೋ ಎಂದು ಕಲ್ಯಾಣ ಬರುವ ತನಕ ಯೋಚಿಸಿದೆ. ಹೋದೆ. ಅಂದು ಅವರು ಹೊಲಿಗೆ ಹಿಡಿದಿರಲಿಲ್ಲ. ಪುಸ್ತಕ ಮಡಿಲಲ್ಲಿತ್ತು.

"ಇದರಾಗ ಅವನ ಅವ್ವ ಜ್ವರಾ ಬಂದ ದಿನಾನ ದವಾಖಾನಿಗೆ ಒಯ್ದಾಳ್ರಿ" ಎಂದರು. "ಕೂಡ್ಲೆ ಒಯ್ದಾಳ."

"ಹೌದು."

"ಆದ್ರೂ ಅವ ಉಳೀಲಿಲ್ಲ."

"ಇಲ್ಲ."

ಆಮೇಲೆ ಮೊದಲ ಬಾರಿಗೆ ಮಗನ ವಿಷಯ ಹೇಳಿದರು. ಅವನು ಎಸಿ ರಿಪೇರಿ ಮಾಡುತ್ತಿದ್ದ. ಸೋಮವಾರ ಸಂಜೆ ಕೆಲಸದಿಂದ ಬಂದು ಮೈ ಬಿಸಿ ಅಂದ. ಇವರು ಒಂದು ಗುಳಿಗೆ ಕೊಟ್ಟು, ನಾಳೆ ಹೋಗೋಣ ಡಾಕ್ಟರ ಹತ್ತಿರ ಎಂದರು. ಮಂಗಳವಾರ ಬೆಳಿಗ್ಗೆ ಜ್ವರ ಇಳಿದಂತೆ ಕಂಡಿತು, ಕೆಲಸಕ್ಕೆ ಹೋದ. ಬುಧವಾರ ಎದ್ದೇಳಲಾಗಲಿಲ್ಲ. "ನಾಳಿ ಅಂದ್ನೆಲ್ರಿ ನಾ. ಆ ಒಂದ ಮಾತು. ಇದರಾಗಿನ ಅವ್ವ ನಾಳಿ ಅನ್ನಲಿಲ್ಲ, ಆಕಿಗೂ ದಕ್ಕಲಿಲ್ಲ. ಹಂಗಾರ..." ಎಂದು ಮಾತು ನಿಲ್ಲಿಸಿದರು. ನಾನು ಪೂರ್ತಿ ಮಾಡಲು ಹೋಗಲಿಲ್ಲ. ಅವರ ಪಕ್ಕ ಹೋಗಿ ಕೂತೆ. ಬಹಳ ಹೊತ್ತು ಅತ್ತರು. ಹೊರಗೆ ಯಾರೋ ಬಾಗಿಲು ಬಡಿದರು. ನಾನೇ ಎದ್ದು, ಆಮೇಲೆ ಬನ್ನಿ ಎಂದು ಹೇಳಿ ಕಳಿಸಿದೆ.

ಅಗ್ಗದ ಕೊನೆ ಎಂಬ ನನ್ನ ಅಭಿಪ್ರಾಯವನ್ನು ನಾನು ಎಲ್ಲಿಯೂ ಹೇಳಲಿಲ್ಲ. ಸಾಹಿತ್ಯದ ಲೆಕ್ಕದಲ್ಲಿ ಅದು ಈಗಲೂ ಸರಿ ಇರಬಹುದು.

ಕಳೆದ ವರ್ಷ ಅವರ ಗಂಡನಿಗೆ ಸೊಂಟದ ನೋವು ಬಂದು ಕಟ್ಟಡದ ಕೆಲಸ ಆಗದಾಯಿತು. ನವಿ ಮುಂಬಯಿಯ ನೆರೂಳಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ ವಾಚ್‌ಮನ್ ಆಗಿ ಸೇರಿದರು. ಗೇಟಿನ ಹಿಂದೆ ಒಂದು ಖೋಲಿ ಕೊಟ್ಟಿದ್ದರು. ಮಗ ಇದ್ದ ಮನೆ ಬಿಡಲು ಆಕೆಗೆ ಮನಸ್ಸಿರಲಿಲ್ಲ. ಖಾಲಿ ಮಾಡುವ ದಿನ ನಾನು ಹೋಗಿದ್ದೆ. ಅವನು ಗೋಡೆಗೆ ಹೊಡೆದ ಒಂದು ಮೊಳೆಯನ್ನು ಕೀಳಲು ನೋಡಿದರು, ಬರಲಿಲ್ಲ. ಹಾಗೆಯೇ ಟೆಂಪೋ ಹತ್ತಿದರು.

ಮೊದಮೊದಲು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಬರಬರುತ್ತಾ ನಾನೇ ಮಾಡಬೇಕಾಯಿತು. ಒಂದು ದಿನ, "ಓದೂದು ಬಿಟ್ಟೀನ್ರಿ ಅಕ್ಕಾರ. ಅಕ್ಷರ ಕಣ್ಣ ಮುಂದ ನಿಲ್ಲವಲ್ಲವು" ಎಂದರು. ಡಾಕ್ಟರಿಗೆ ಕಣ್ಣು ತೋರಿಸಿ ಎಂದೆ. ಕಣ್ಣು ಚೆನ್ನಾಗೇ ಇವೆ ಎಂದರು.

ಹೋದ ತಿಂಗಳು ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೋದೆ. ಆಕೆ ಬಹಳ ಸೊರಗಿದ್ದರು. ಚಹಾ ಮಾಡಿದರು, ಸಕ್ಕರೆ ಹಾಕಲು ಮರೆತಿದ್ದರು, ನಾನು ಹೇಳಲಿಲ್ಲ. ಆಮೇಲೆ ಅವರೇ, "ಈಗ ಏನು ಓದಾಕತ್ತೀರಿ?" ಎಂದು ಕೇಳಿದರು.

ಓದುತ್ತಿದ್ದ ಕಾದಂಬರಿ ಒಂದು ಹಡಗಿನ ಕಥೆ. ಹೇಗಿದೆ ಎಂದು ಹೇಳದೆ, ಕಥೆಯನ್ನೇ ಮೊದಲಿನಿಂದ ಹೇಳತೊಡಗಿದೆ. ಬಂದರು, ಸಮುದ್ರ, ಹಡಗಿನ ಅಡುಗೆಯವನು, ಅವನು ಯಾರಿಗೆ ಏನು ಬಡಿಸಿದ ಎಂಬುದನ್ನೂ ಬಿಡಲಿಲ್ಲ. ಅವರು ಗೋಡೆಗೆ ಒರಗಿ ಕೇಳುತ್ತಿದ್ದರು. ನಡುನಡುವೆ ಹೂಂ ಅನ್ನುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಹೂಂಗುಟ್ಟುವುದು ನಿಂತಿತು. ನಿದ್ದೆ ಹತ್ತಿತ್ತು.

ಅವರ ಗಂಡ ಡ್ಯೂಟಿಯ ನಡುವೆ ಒಳಗೆ ಇಣುಕಿ, ಬಾಗಿಲಲ್ಲೇ ನಿಂತರು.

"ಮಲಗ್ಯಾಳೇನ್ರಿ?" ಎಂದು ಪಿಸುಗುಟ್ಟಿದರು. "ಭಾಳ ದಿನದ ಮ್ಯಾಲ. ಎಬ್ಬಸಬ್ಯಾಡ್ರಿ."

ಆಕೆಯ ಮೇಲೆ ಒಂದು ಚಾದರ ಹೊದಿಸಿ, ಲೋಟ ತೊಳೆದಿಟ್ಟು ಹೊರಟೆ. ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಚೀಲದಲ್ಲಿ ಪುಸ್ತಕವಿತ್ತು. ಠಾಣೆ ಬರುವ ತನಕ ಕಿಟಕಿಯ ಹೊರಗೆ ನೋಡುತ್ತಾ ಕೂತೆ.