ಕೂಡಲಿಕ್ಕೆ ಒಂದು ಸ್ಟೂಲು

ಮರಾಠಿ ಸೀಮೆಯ ರಾಂಜಣಗಾಂವದ ನಮ್ಮ ಫ್ಯಾಕ್ಟರಿಯಲ್ಲಿ ಗುತ್ತಿಗೆ ಮೇಲೆ ಗಾಡಿಗಳ ವೈರು ಜೋಡಿಸುವ ನಾವು ಹೆಂಗಸರು ಎಂಟು ತಾಸು ನಿಂತೇ ಇರಬೇಕು. ಕೂತರೆ ಕೈ ನಿಧಾನವಾಗುತ್ತದಂತೆ. ಹಾಗೆಂದವರು ತಿರುಗುವ ಕುರ್ಚಿಯಲ್ಲಿ ಕೂತೇ ಹೇಳಿದ್ದರು.

ಹೋದ ವರ್ಷ ಮಹಿಳಾ ದಿನಕ್ಕೆ ಕಂಪನಿಯವರೇ ನಮ್ಮನ್ನು ಬಸ್ಸಿನಲ್ಲಿ ತುಂಬಿ ಹಡಪಸರಕ್ಕೆ ಸಿನಿಮಾ ನೋಡಲು ಕರೆದೊಯ್ದರು. ಹಳೆಯ ಕಾಲದ ಬಟ್ಟೆ ಗಿರಣಿ, ಅಲ್ಲಿನ ಕಾರ್ಮಿಕರು ಸಂಘ ಕಟ್ಟುವ ಕಥೆ. ಯಾರು ಆರಿಸಿದರೋ, ಕಥೆ ಕೇಳದೆಯೇ ಆರಿಸಿರಬೇಕು. ಒಬ್ಬಳಿಗಾದ ಅನ್ಯಾಯಕ್ಕೆ ಗಿರಣಿಯ ಅಷ್ಟೂ ಹೆಂಗಸರು ಮಗ್ಗ ನಿಲ್ಲಿಸಿದಾಗ ನಮ್ಮವರು ಶಿಳ್ಳೆ ಹೊಡೆದದ್ದೇ ಹೊಡೆದದ್ದು. ನಮ್ಮ ಸೂಪರ್‌ವೈಸರ್, ನಮ್ಮ ಹಾಗೇ ಧಾರವಾಡ ಕಡೆಯವರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೂ ಎದೆ ತುಂಬಿತು, ಸುಳ್ಳೇಕೆ ಹೇಳಲಿ.

ನನ್ನ ಪಕ್ಕದಲ್ಲಿ ನಿಲ್ಲುವ ಹುಡುಗಿ ಆಗ ಆರು ತಿಂಗಳ ಬಸುರಿ. ಮಧ್ಯಾಹ್ನದ ಹೊತ್ತಿಗೆ ಅವಳ ಕಾಲು ಬಾತು ಬೂಟು ಹಿಡಿಸುತ್ತಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲೇ ತೀರ್ಮಾನವಾಯಿತು, ನಾಳೆ ಎಲ್ಲರೂ ಸೇರಿ ಅವಳಿಗೊಂದು ಸ್ಟೂಲು ಕೇಳುವುದು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಬಾಯಿ ಜೋರಿದ್ದ ನಾನೇ.

ಮರುದಿನ ಪಾಳಿಗೆ ಮೊದಲು ಸೂಪರ್‌ವೈಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ದಿನದ ಕೆಲಸ ಹೇಳುತ್ತಿದ್ದಾಗ ಕೇಳಿಯೇಬಿಟ್ಟೆ.

"ಸಾಹೇಬ್ರ, ಈಕಿಗೆ ಒಂದು ಸ್ಟೂಲ್ ಕೊಡ್ರಿ. ನಾವೆಲ್ಲಾರೂ ಸೇರೇ ಕೇಳಾಕತ್ತೇವ್ರಿ."

ಹೇಳಿ ಹಿಂದೆ ತಿರುಗಿದೆ. ನಿನ್ನೆ ಶಿಳ್ಳೆ ಹೊಡೆದವರಲ್ಲಿ ಒಬ್ಬಳಿಗೆ ಕೈಗವಸು ಸರಿಮಾಡಿಕೊಳ್ಳುವ ಅವಸರ, ಇನ್ನೊಬ್ಬಳಿಗೆ ನೆಲದಲ್ಲಿ ಏನೋ ಕಂಡಿತ್ತು.

ಸೂಪರ್‌ವೈಸರ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಅವರು ಬಲು ಮೆತ್ತಗೆ ಆ ಹುಡುಗಿಯನ್ನು ಕೇಳಿದರು.

"ನಿಂತು ಮಾಡೂದು ಆಗವಲ್ದೇನವ್ವಾ? ಆಗದಿದ್ರ ಹೇಳು, ಗುತ್ತಿಗೆದಾರಗ ಹೇಳಿ ಬ್ಯಾರೆಯವರನ್ನ ಕರಸ್ತೀನಿ."

"ಆಗ್ತದ್ರಿ. ನಾ ಏನೂ ಕೇಳಿಲ್ರಿ," ಎಂದಳು ಅವಳು.

ಮೈಯೆಲ್ಲ ಉರಿದುಹೋಯಿತು. ಯಾರಿಗಾಗಿ ಬಾಯಿ ಬಿಟ್ಟೆನೋ ಅವಳೇ ಹೀಗೆ! ಇಂಥವರ ಗೊಡವೆಯೇ ಬೇಡ, ಹೇಡಿಗಳು ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ನನ್ನತ್ತ ತಿರುಗಿದರು.

"ಮತ್ತ ನಿಮಗ್ರೀ, ಅಕ್ಕಾರ? ನಿಮಗ ನಿಂತು ಮಾಡೂದು ಆಗ್ತದೋ ಇಲ್ಲೋ?"

ಸಾಲಿನಲ್ಲಿದ್ದ ಎಲ್ಲರೂ ಈಗ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಆ ಹುಡುಗಿಯೂ.

"ಆಗ್ತದ್ರಿ," ಎಂದೆ.