ಕರೆಯದವರಿಗೂ ತೆರೆದ ಬಾಗಿಲು

“ಹೇಗೆ ಹೇಳ್ಲಿ ಅತ್ತೆ? ನಮ್ಮ ರಕ್ತನಿಧಿಯ ದೊಡ್ಡ ಕಂಪ್ಯೂಟರ್ ಒಬ್ಬ ಕಾವಲುಗಾರ ಅಂದ್ಕೊಳ್ಳಿ. ಎದ್ದ ತಕ್ಷಣ ಒಂದು ಫೈಲ್ ಓದ್ತಾನೆ. ಯಾರ್ಯಾರು ಸಹಿ ಹಾಕಿದ ಗುರುತುಪತ್ರ ನಡೆಯತ್ತೆ ಅಂತ ಅದರಲ್ಲಿ ಹೆಸರುಗಳು. ಆಸ್ಪತ್ರೆಯ ಕಂಪ್ಯೂಟರ್ ಬಂದು ಕದ ತಟ್ಟಿದ್ರೆ, ‘ಇವರ ಸಹಿ ಇದ್ರೆ ತೋರ್ಸು’ ಅಂತ ಆ ಹೆಸರುಗಳನ್ನ ಕೂಗ್ತಾನೆ. ನಮ್ಮ ಮುಚ್ಚಿಹೋದ ಶಾಖೆಯದೊಂದು ಕಂಪ್ಯೂಟರ್ ಕಳುವಾಗಿದೆ. ಅದರಲ್ಲಿರೋ ಗುರುತುಪತ್ರಕ್ಕೆ ಆ ಶಾಖೆಯವರದೇ ಸಹಿ. ಸಾಹೇಬ್ರು ಶಾಖೆ ಹೆಸರನ್ನ ಫೈಲಿಂದ ಅಳಿಸಿ, ‘ಬಾಗಿಲು ಭದ್ರ ಆಯ್ತು, ಬರೆದುಕೊಡು’ ಅಂತಾರೆ. ನಂಗ್ಯಾಕೋ ನಂಬಿಕೆ ಬರ್ತಿಲ್ಲ.”

ಹೀಗೆಂದ ಸೊಸೆ ತಟ್ಟೆಯಲ್ಲಿದ್ದುದನ್ನು ಕೆದಕುತ್ತ ಕೂತಳು. ಬಾಗಿಲು ಭದ್ರವೆಂಬ ಆ ಕಾಗದಕ್ಕೆ ಮರುದಿನ ಅವಳು ಸಹಿ ಹಾಕಬೇಕಿತ್ತು. ಕದ್ದವನು ಒಳಹೊಕ್ಕು ಯಾರದೋ ರಕ್ತದ ಗುಂಪು ತಿದ್ದಿದರೆ ಒಂದು ಜೀವವೇ ಹೋದೀತು.

ಅವಳ ಸಂಶಯ ಇಂದಿನದಲ್ಲ. ಈ ಮನೆಗೆ ಬಂದ ಮೊದಲ ದಿನವೇ ನಾನು ಹಾಕಿದ ಬೀಗವನ್ನು ಮತ್ತೊಮ್ಮೆ ಜಗ್ಗಿ ನೋಡಿದ್ದಳು. ನನಗೆ ಮೈಯೆಲ್ಲ ಉರಿದಿತ್ತು. ತಾನೇ ಹಾಕಿದ ಬೀಗವನ್ನೂ ಹಾಗೇ ಜಗ್ಗುತ್ತಾಳೆಂದು ತಿಳಿಯಲು ಒಂದು ವರ್ಷ ಹಿಡಿಯಿತು. ಪಕ್ಕದಲ್ಲೇ ಉಣ್ಣುತ್ತಿದ್ದ, ಬಸ್ಸು ಓಡಿಸುವ ನನ್ನ ಮಗ ಈ ರಾತ್ರಿಯೂ ನಕ್ಕ: “ಇವಳು ಕನ್ನಡಿ ಮುಂದೆ ನಿಂತ್ರೂ ಗುರುತುಪತ್ರ ಕೇಳ್ತಾಳಮ್ಮ!”

“ಸುಮ್ನಿರೋ,” ಎಂದು ಸೊಸೆಯನ್ನು ಕೇಳಿದೆ: “ಅಲ್ಲ ಕಣೆ, ಹೆಸರು ಕೂಗದಿದ್ರೆ ಮಾನ ಇರೋನು ವಾಪಸ್ ಹೋಗ್ತಾನೆ. ಮಾನಗೆಟ್ಟೋನು?”

ಅವಳ ಕೈ ತಟ್ಟೆಯಲ್ಲೇ ನಿಂತಿತು.

ಬೆಳಗ್ಗೆ ಅವಳು ರಕ್ತನಿಧಿಯ ಉಗ್ರಾಣದ ಮೂಲೆಯಿಂದ ಅದೇ ಶಾಖೆಯ ಇನ್ನೊಂದು ಹಳೆಯ ಕಂಪ್ಯೂಟರನ್ನು ಎಳೆದು, ಧೂಳು ಒರೆಸಿದಳಂತೆ. ಬಾಗಿಲಲ್ಲಿ ಏನೇ ಕೂಗಲಿ, ನಿನ್ನ ಗುರುತುಪತ್ರ ನೀನು ಚಾಚು ಎಂದು ಅದಕ್ಕೆ ಹೇಳಿಟ್ಟಳು. ಕದ ತೆರೆದೇ ಬಿಟ್ಟಿತು! ಕೂಗುವ ಹೆಸರುಗಳ ಫೈಲೇ ಬೇರೆ, ಸಹಿ ತಾಳೆ ನೋಡುವ ಫೈಲೇ ಬೇರೆ. ಎರಡನೆಯದರಲ್ಲಿ ಹಳೆಯ ಶಾಖೆ ಹಾಯಾಗಿ ಕೂತಿತ್ತು.

“ನೀನು ಬಲು ಸಂಶಯದ ಪ್ರಾಣಿ ಕಣಮ್ಮ,” ಎಂದರಂತೆ ಸಾಹೇಬರು, ಬೆವರು ಒರೆಸಿಕೊಳ್ಳುತ್ತ.

“ಒಳಗೆ ಬಂದಿದ್ದು ನನ್ನ ಸಂಶಯ ಅಲ್ಲ ಸರ್, ನಿಮ್ಮ ಹಳೇ ಕಂಪ್ಯೂಟರು.”

ಅಲ್ಲಿಂದಲೂ ಹೆಸರು ತೆಗೆಸಿ, ಕಾವಲುಗಾರನನ್ನು ಮಲಗಿಸಿ ಎಬ್ಬಿಸಿ, ಮೂರು ಸಲ ಕದ ತಟ್ಟಿ ನೋಡಿದಳು. ಮೂರು ಸಲವೂ ತೆರೆಯಲಿಲ್ಲ. ಆಮೇಲೇ ಸಹಿ ಹಾಕಿದಳು. ಆ ಕಂಪ್ಯೂಟರ್ ಕಳುವಾಗಿ ಎಷ್ಟೋ ದಿನವಾಗಿತ್ತಲ್ಲ, ಅಷ್ಟರಲ್ಲಿ ಯಾರಾದರೂ ಬಂದು ಹೋಗಿದ್ದಾರೋ ಎಂದು ಸಂಜೆಯವರೆಗೂ ಹಳೆಯ ದಾಖಲೆ ತಿರುವಿದಳು. ಯಾರೂ ಬಂದಿರಲಿಲ್ಲ.

ಮನೆಗೆ ಬಂದವಳು ಬಟ್ಟೆ ಒಗೆಯಲು ಕೂತಳು. “ನಿನ್ನ ಗಂಡನ ಜೇಬೆಲ್ಲ ನೋಡಿದ್ದೀನಿ ಕಣೆ,” ಎಂದೆ.

“ಹೂಂ ಅತ್ತೆ,” ಎಂದಳು. ಒಂದೊಂದೇ ಜೇಬನ್ನು ಒಳಹೊರಗು ಮಾಡಿ ಕೊಡವಿ, ಅಂಗಿಯನ್ನು ನೀರಿಗೆ ಹಾಕಿದಳು.